ಪಂದ್ಯವಿಲ್ಲದ ಶನಿವಾರಗಳು

ಮಾಂಟೆವಿಡಿಯೊ,
ಮಂಗಳವಾರ, 17 ಮಾರ್ಚ್ 1992

ಅಕ್ಕರೆಯ ಎಲ್ಸಿರಕ್ಕನಿಗೆ,

ನಿನ್ನ ತಂಗಿ ನಿಬಿಯಾಳ ಅಪ್ಪುಗೆ. ನಿನ್ನ ಪತ್ರ ತಲುಪಿತು. ಓದಿದೆ, ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟೆ, ಮತ್ತೆ ತೆಗೆದು ಓದಿದೆ. ನಿನ್ನದು ಯಾವತ್ತೂ ನೇರ ಮಾತು. "ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೀನಿ. ಆ ಗಂಡನ್ನ ಬಿಟ್ಟು ಬರ್ತೀಯೋ ಇಲ್ವೋ, ಒಂದು ಮಾತು ಬರಿ. ತಿಂಗಳ ಕೊನೇವರೆಗೂ ಕಾಯ್ತೀನಿ, ಆಮೇಲೆ ಹೊಸ ಟೀಚರಮ್ಮಂಗೆ ಬಾಡಿಗೆಗೆ ಕೊಟ್ಬಿಡ್ತೀನಿ" ಎಂದು ಬರೆದಿದ್ದೀ. ಆ ಒಂದು ಮಾತು ಬರೆಯಲೆಂದೇ ಬೆಳಗ್ಗೆಯಿಂದ ಕೂತಿದ್ದೇನೆ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿದೆ.

ಎಲ್ಬಿಯೊಗೆ ಬೇರೆ ಹೆಂಗಸಿದ್ದಾಳೆ ಎಂದು ಕ್ರಿಸ್‌ಮಸ್ಸಿಗೆ ನಾನೇ ನಿನಗೆ ಬರೆದೆ. ಬರೆಯುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಈಗ ನಿಜ ಗೊತ್ತಾಗಿದೆ. ಗೊತ್ತಾದ ಮೇಲೆ ತಲೆ ಇನ್ನಷ್ಟು ಕೆಟ್ಟಿದೆ. ನಿನಗೆ ಸಿಟ್ಟು ಬಂದರೂ ಸರಿ, ಇದನ್ನು ಮೊದಲಿನಿಂದಲೇ ಹೇಳುತ್ತೇನೆ. ಹೇಳುತ್ತಾ ಹೇಳುತ್ತಾ ನನಗೇ ಏನಾದರೂ ಅರ್ಥವಾಗಬಹುದು.

ಅವನನ್ನು ನನಗಿಂತ ಮೊದಲು ನೋಡಿದವಳು ನೀನು. ನಮ್ಮ ತಾಕ್ವಾರೆಂಬೊದ ರೈಲು ಹಳಿಯ ಪಕ್ಕದ ಮೈದಾನದಲ್ಲಿ ಅವನಿನ್ನೂ ಮೀಸೆ ಬಾರದ ಹುಡುಗ. "ನೋಡೇ, ಆ ಐದನೇ ನಂಬರಿನವನು ಚೆಂಡು ಸಿಕ್ಕಿದ ತಕ್ಷಣ ಬೇರೆಯವ್ರಿಗೆ ಕೊಟ್ಬಿಡ್ತಾನೆ. ಇವನನ್ನ ಕಟ್ಕೊಂಡವಳ ತಟ್ಟೇಲಿ ಏನೂ ಉಳಿಯಲ್ಲ" ಎಂದು ನೀನೇ ನಕ್ಕಿದ್ದೆ. ಕಟ್ಟಿಕೊಂಡವಳು ನಾನೇ ಆದೆ.

ಇಲ್ಲಿನ ಮರಿನೇರೊಸ್ ಫುಟ್‌ಬಾಲ್ ಕ್ಲಬ್ಬಿನವರು ಕರೆಸಿಕೊಂಡ ಮೇಲೆ, ನಡುವೆ ಮೆಕ್ಸಿಕೊದಲ್ಲಿ ಕಳೆದ ಎರಡು ವರ್ಷ ಬಿಟ್ಟರೆ, ಅವನು ಬೇರೆ ಅಂಗಿ ತೊಡಲಿಲ್ಲ. ಮೈದಾನದ ನಟ್ಟನಡುವೆ ನಿಂತು, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು, ಗೋಲು ಹೊಡೆಯುವವನಿಗೆ ದಾಟಿಸುವುದೇ ಅವನ ಕಸುಬು. ಕಸುಬೇನೋ ದೊಡ್ಡದೇ, ಆದರೆ ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬರುವುದು ಹೊಡೆದವನದು. ನಾವು ಚಾಂಪಿಯನ್ ಆಗುವುದು ಕೂದಲೆಳೆಯಲ್ಲಿ ತಪ್ಪಿದ ವರ್ಷ ಅರ್ಧಕ್ಕರ್ಧ ಗೋಲು ಹೊರಟದ್ದು ಇವನ ಕಾಲಿನಿಂದ. ಆ ಚಿತ್ರಗಳನ್ನೆಲ್ಲ ನಾನು ಕತ್ತರಿಸಿ ಇಟ್ಟಿದ್ದೇನೆ. ಒಂದರಲ್ಲಿ ಅವನ ಮೊಣಕೈ ಇದೆ, ಇನ್ನೊಂದರಲ್ಲಿ ಬೆನ್ನು, ಮತ್ತೊಂದರಲ್ಲಿ ಅರ್ಧ ಕಿವಿ. "ನಿನಗೆ ಬೇಜಾರಾಗಲ್ವೇನೋ?" ಎಂದರೆ, "ಚೆಂಡು ಸರಿಯಾದ ಕಡೆ ಹೋಯ್ತಲ್ಲ" ಅನ್ನುತ್ತಿದ್ದ. ದೇಶದ ತಂಡಕ್ಕೂ ಒಂದು ಸಲ ಕರೆ ಬಂತು. ಅಸುನ್ಸಿಯೋನಿಗೆ ಹೋಗಿ ಇಡೀ ಪಂದ್ಯ ಬೆಂಚಿನ ಮೇಲೆ ಕೂತು ಬಂದ. ಆ ಆಕಾಶನೀಲಿ ಅಂಗಿ ಬೀರುವಿನಲ್ಲಿದೆ. ಅದನ್ನು ಒಗೆಯುವ ಪ್ರಸಂಗವೇ ನನಗೆ ಬರಲಿಲ್ಲ.

ಎರಡು ವರ್ಷದ ಹಿಂದೆ, ರಜೆ ಮುಗಿದು ಅಭ್ಯಾಸ ಶುರುವಾಗುವ ದಿನ ಎಂದಿನಂತೆ ಹೋದ. ಅವನ ಕಪಾಟಿನಲ್ಲಿ ಬೇರೆ ಯಾರದೋ ಬೂಟು ಇತ್ತಂತೆ. ಅವರೂ ಏನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ವಯಸ್ಸು ಮೂವತ್ತಾರು ದಾಟಿತ್ತು, ಬಲ ಮೊಣಕಾಲಿಗೆ ಎರಡು ಸಲ ಕತ್ತರಿ ಬಿದ್ದಿತ್ತು. ಮನೆಗೆ ಬಂದು, ಬೂಟು ತೊಳೆದು ಬಿಸಿಲಿಗಿಟ್ಟು, "ಇನ್ಮೇಲೆ ಮನೇಲೇ ಇರ್ತೀನಿ" ಅಂದ. ನಾನು ಸಂತೋಷಪಟ್ಟೆ ಅಕ್ಕ. ದೇವರಾಣೆಗೂ ಸಂತೋಷಪಟ್ಟೆ.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅಂತಾರಲ್ಲ, ನಮ್ಮ ಮನೆಯಲ್ಲಿ ಕೆತ್ತಲು ಮಗುವೂ ಇಲ್ಲ, ಹಾಗಾಗಿ ನಾನೇ ಸಿಕ್ಕಿದೆ. ಮುಂದಿನ ಕೋಣೆಯಲ್ಲಿ ನಾನು ಹೆಂಗಸರ ಕೂದಲಿಗೆ ಸುರುಳಿ ಸುತ್ತುತ್ತಿದ್ದರೆ ಬಾಗಿಲಲ್ಲಿ ನಿಂತು, "ಎಡಗಡೆ ಖಾಲಿ ಇದೆ ನೋಡು, ಎಡಗಡೆ" ಎನ್ನುತ್ತಾನೆ. ಅಡುಗೆಮನೆಯಲ್ಲಿ ಉಪ್ಪಿಗೆ ಕೈ ಚಾಚುವ ಮೊದಲೇ ಉಪ್ಪು ಕೈಗೆ ಬಂದಿರುತ್ತದೆ. ಕೇಳಲು ಚೆಂದ. ಮೂರು ಹೊತ್ತೂ ಹೀಗೇ ಆದರೆ ಎಂಥವಳಿಗೂ ಹುಚ್ಚು ಹಿಡಿಯುತ್ತದೆ. ಒಂದು ರೇಡಿಯೊದವರು ಪಂದ್ಯದ ವಿವರಣೆಗೆ ಕರೆದರು. ಅಲ್ಲಿ ಹೋಗಿ ಚೆಂಡಿಲ್ಲದವರ ಬಗ್ಗೆಯೇ ಮಾತಾಡುತ್ತಾ ಕೂತ. ಈ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ, ಆ ಹುಡುಗ ಜಾಗ ಬಿಟ್ಟುಕೊಟ್ಟ, ಆಹಾ ಎಷ್ಟು ಚೆನ್ನಾಗಿ ಬಿಟ್ಟುಕೊಟ್ಟ! ಅಷ್ಟರಲ್ಲಿ ಗೋಲಾಗಿತ್ತು, ಅದನ್ನು ಹೇಳುವುದೇ ಮರೆತ. ಮತ್ತೆ ಅವರು ಕರೆಯಲಿಲ್ಲ. ಮೂಲೆಯ ಮಾಂಸದಂಗಡಿಯವನು ಈಗಲೂ ನನ್ನನ್ನು ಕಂಡರೆ, "ಚೆಂಡು ಎಲ್ಲಿದೆ ಅಂತ ನಿನ್ ಗಂಡನ್ನ ಸ್ವಲ್ಪ ಕೇಳಮ್ಮಾ" ಎಂದು ಕಿಚಾಯಿಸುತ್ತಾನೆ. ನಾನು ನಗುತ್ತೇನೆ. ಮನೆಗೆ ಬಂದ ಮೇಲೆ ನಗು ಇರುವುದಿಲ್ಲ.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಶನಿವಾರ.

ನಿನಗೆ ಗೊತ್ತಲ್ಲ, ಆಟಗಾರನ ಹೆಂಡತಿಗೆ ಶನಿವಾರ ಗಂಡನಿಲ್ಲ. ಭಾನುವಾರ ಪಂದ್ಯವೆಂದರೆ ಹಿಂದಿನ ಸಂಜೆಯೇ ಎಲ್ಲರನ್ನೂ ಬಿಡಾರದಲ್ಲಿ ಕೂಡಿಹಾಕುತ್ತಿದ್ದರು. ಬಂದರಿನ ಹತ್ತಿರದ ದೋನ್ಯಾ ಬ್ಲಾಂಕಾಳ ಹಳೆಯ ವಸತಿಗೃಹವೇ ನಮ್ಮ ಕ್ಲಬ್ಬಿನ ಬಿಡಾರ. ಇಬ್ಬಿಬ್ಬರಿಗೆ ಒಂದು ಕೋಣೆ, ಸಪ್ಪೆ ಊಟ, ಬೇಗ ದೀಪ ಆರಿಸಬೇಕು. ಹೆಂಡತಿಯರು ಆ ಹೊಸ್ತಿಲು ತುಳಿಯಬಾರದು, ತುಳಿದರೆ ಮಾರನೆಯ ದಿನ ಸೋಲು ಖಂಡಿತ. ಒಬ್ಬ ಗೋಲ್‌ಕೀಪರನ ಹೆಂಡತಿ, ಪಾಪ, ಗಂಡ ಮರೆತು ಹೋದ ಕೈಗವಸು ಕೊಡಲು ಒಳಗೆ ಹೋದಳು. ಮಾರನೆಯ ದಿನ ಅವನು ನಾಲ್ಕು ಗೋಲು ಬಿಟ್ಟ. ಆಮೇಲೆ ಇಡೀ ವರ್ಷ ನಾವು ಹೆಂಡತಿಯರು ಯಾರೂ ಅವಳನ್ನು ಮಾತಾಡಿಸಲಿಲ್ಲ.

ಹಾಗಾಗಿ ಶನಿವಾರ ನನ್ನದಾಗಿತ್ತು. ತಲೆಗೆ ಸ್ನಾನ, ಬಾಣಲೆಯಿಂದಲೇ ಊಟ, ರೇಡಿಯೊದಲ್ಲಿ ನಾಟಕ, ಹಾಸಿಗೆಯ ತುಂಬ ನಾನೊಬ್ಬಳೇ. ಅವನು ಮನೆಗೆ ಬಂದು ಸೇರಿದ ಮೇಲೆ ನನ್ನ ಶನಿವಾರವೂ ಹೋಯಿತು, ಅವನ ಶನಿವಾರವೂ ಹೋಯಿತು. ವಾರದ ಆರು ದಿನ ಕೊರಡಿನಂತೆ ಮಲಗುವವನು ಅವತ್ತು ಮಾತ್ರ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ. ಎದ್ದು ಕೂರುತ್ತಿದ್ದ, ನೀರು ಕುಡಿಯುತ್ತಿದ್ದ, ನನ್ನನ್ನೂ ಎಬ್ಬಿಸುತ್ತಿದ್ದ. ಭಾನುವಾರವಿಡೀ ಇಬ್ಬರೂ ಕಚ್ಚಾಡುತ್ತಿದ್ದೆವು.

ಹೋದ ವಸಂತದಲ್ಲಿ, ಅಕ್ಟೋಬರಿನ ಒಂದು ಶನಿವಾರ ಸಂಜೆ ಅಟ್ಟದಿಂದ ಕ್ಲಬ್ಬಿನ ನೀಲಿ ಚೀಲ ಇಳಿಸಿ, ಧೂಳು ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟ.

"ಎಲ್ಲಿಗೆ?" ಎಂದೆ.

"ಇಲ್ಲೇ."

"ಇಲ್ಲೇ ಅಂದ್ರೆ ಎಲ್ಲಿ?"

"ಇಲ್ಲೇ ಕಣೇ, ನಿಬಿಯಾ."

ಬಂದದ್ದು ಭಾನುವಾರ ಸಂಜೆ. ಮುಖದಲ್ಲಿ ಕಳೆ ಇತ್ತು. ಸೇವಿಗೆ ಎರಡನೇ ಸಲ ಬಡಿಸಿಕೊಂಡು ತಿಂದ. ಮುಂದಿನ ಶನಿವಾರವೂ ಹೋದ, ಅದರ ಮುಂದಿನ ಶನಿವಾರವೂ ಹೋದ. ಒಗೆಯುವಾಗ ಅಂಗಿ ಮೂಸಿ ನೋಡಿದೆ. ಸೆಂಟಿನ ವಾಸನೆ ಇಲ್ಲ, ನೋವಿನ ಮುಲಾಮಿನ ವಾಸನೆ. ಮುಲಾಮು ಹಚ್ಚಿಕೊಳ್ಳುವ ಮುದಿ ಗೂಬೆ ಯಾವಳಿರಬಹುದು ಎಂದು ಬೀದಿಯ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆಗಲೇ ನಿನಗೆ ಆ ಪತ್ರ ಬರೆದದ್ದು, ಪೆಟ್ಟಿಗೆ ತುಂಬಿ ಮಂಚದ ಕೆಳಗಿಟ್ಟದ್ದು.

ಕಾರ್ನಿವಲ್ ಮುಗಿದ ಮೊದಲ ಶನಿವಾರ, ಅಂದರೆ ಮೊನ್ನೆ ಮೊನ್ನೆ, ಅವನ ಬೆನ್ನು ಹತ್ತಿದೆ. ಕೆಂಪು ಚಪ್ಪಲಿ, ತುಟಿಗೆ ಬಣ್ಣ, ಎಲ್ಲ ಹಾಕಿಕೊಂಡೇ ಹೊರಟೆ. ಸವತಿಯ ಎದುರು ನಿಲ್ಲುವಾಗ ಪೇಲವವಾಗಿ ಕಾಣಬಾರದಲ್ಲ. ಅವನು ಬಸ್ಸು ಹತ್ತಿದ. ನಾನು ಅದೇ ಬಸ್ಸು ಹತ್ತುವಂತಿಲ್ಲ, ಎರಡೂ ಭುಜದ ಮೇಲಿಂದ ಹಿಂದೆ ನೋಡದೆ ಒಂದು ಹೆಜ್ಜೆ ಇಡುವವನಲ್ಲ ಅವನು. ಟ್ಯಾಕ್ಸಿ ಹಿಡಿದೆ. ಚಾಲಕ ಬಸ್ಸಿನ ಕಿಟಕಿ ಕಡೆ ನೋಡಿ, "ಅದು ಎಲ್ಬಿಯೊ ತೆಚೇರಾ ಅಲ್ವೇನಮ್ಮ? ಎಂಥಾ ಐದನೇ ನಂಬರು! ಪುಣ್ಯಾತ್ಮ ಯಾವತ್ತೂ ಒಂದು ಗೋಲು ಹೊಡೀಲಿಲ್ಲ" ಎಂದ. "ಅದೆಲ್ಲ ಬೇಡ, ಬಸ್ಸಿನ ಹಿಂದೆ ಬಿಡು" ಎಂದೆ.

ಅವನು ಇಳಿದದ್ದು ಬಂದರಿನ ಹತ್ತಿರ. ನಡೆದು ಹೋಗಿ ನುಗ್ಗಿದ್ದು ಅದೇ ದೋನ್ಯಾ ಬ್ಲಾಂಕಾಳ ವಸತಿಗೃಹಕ್ಕೆ. ಸರಿ, ಹಳೆಯ ಗುರುತಿನ ಜಾಗದಲ್ಲೇ ಕೋಣೆ ಮಾಡಿದ್ದಾನೆ, ನಾಚಿಕೆಗೆಟ್ಟವನು ಎಂದು ಬುಸುಗುಡುತ್ತಾ ಹಿಂದೆಯೇ ಹೋದೆ. ಹೊಸ್ತಿಲವರೆಗೆ ಹೋದೆ ಅಕ್ಕ. ಅಲ್ಲಿ ಕಾಲು ನಿಂತುಬಿಟ್ಟವು. ನಾಳೆ ಪಂದ್ಯವಿಲ್ಲ, ಅವನು ಆಡುವುದು ಬಿಟ್ಟು ಎರಡು ವರ್ಷವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕಾಲು ಕೇಳಲಿಲ್ಲ. ಗಂಡನನ್ನು ಸವತಿಯ ಜೊತೆ ಹಿಡಿಯಲು ಬಂದವಳು ಗಂಡ ಸೋಲಬಾರದೆಂದು ಹೊರಗೆ ನಿಂತೆ. ಇಂಥ ಪೆದ್ದು ಈ ಊರಲ್ಲಿ ಬೇರೆ ಯಾರಾದರೂ ಇದ್ದಾಳಾ ಹೇಳು.

ಬಾಗಿಲಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ದೋನ್ಯಾ ಬ್ಲಾಂಕಾ ನನ್ನನ್ನು ಕಂಡು ಚಾಕು ಎತ್ತಿದಳು. "ಐದನೇ ನಂಬರಿನ ಹೆಂಡ್ತಿ ಅಲ್ವೇನೇ ನೀನು? ಅಲ್ಲೇ ನಿಲ್ಲು! ಒಳಗೆ ಕಾಲಿಟ್ಟೀಯ ಹುಷಾರ್!"

"ಒಳಗೆ ಯಾವಳಿದಾಳೆ ಹೇಳಮ್ಮ."

"ಯಾವಳೂ ಇಲ್ಲ. ನೆರಿ ಇದಾನೆ."

ನೆರಿ ಎಂದರೆ ಇವನ ಕಾಲದ ಎಡ ಬ್ಯಾಕ್, ಮೈದಾನದ ಎಡಗಡೆ ಕಾಯುತ್ತಿದ್ದವನು. ಬಿಡಾರದಲ್ಲಿ ಉದ್ದಕ್ಕೂ ಇವರಿಬ್ಬರದೂ ಒಂದೇ ಕೋಣೆ. ಅವನೂ ಇವನ ಹಿಂದೆಯೇ ಆಟ ಬಿಟ್ಟು ಮನೆ ಸೇರಿದವನು.

"ಇಬ್ರಿಗೂ ಶನಿವಾರ ಮನೇಲಿ ನಿದ್ದೆ ಬರಲ್ವಂತೆ" ಎಂದಳು ದೋನ್ಯಾ ಬ್ಲಾಂಕಾ. "ಹಳೇ ಕೋಣೇನೇ ಕೊಡು ಅಂದ್ರು, ಕೊಟ್ಟೆ. ಬೇಗ ದೀಪ ಆರಿಸ್ಲಿಲ್ಲ ಅಂದ್ರೆ ನಾನು ಬೈಯಬೇಕಂತೆ. ಬೈತೀನಿ."

"ನಾಳೆ ಯಾರ ಮೇಲಮ್ಮ ಪಂದ್ಯ?"

"ಅದನ್ನೆಲ್ಲ ಕೇಳ್ಬಾರ್ದು ಕಣೇ" ಎಂದು ಮತ್ತೆ ಆಲೂಗಡ್ಡೆಗೆ ಕೈ ಹಾಕಿದಳು.

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಬೀದಿಯ ಕಡೆಯ ಕಿಟಕಿ ತೆರೆದಿತ್ತು. ಎರಡು ಕಿರಿದಾದ ಮಂಚ, ನಡುವೆ ಸ್ಟೂಲಿನ ಮೇಲೆ ಬಿಸಿನೀರಿನ ಫ್ಲಾಸ್ಕು, ಮಾಟೆ ಕಷಾಯ ಹೀರುವ ಸೋರೆಬುರುಡೆ. ಒಂದು ಮಂಚದ ಮೇಲೆ ನೆರಿ ಕಾಲು ಚಾಚಿಕೊಂಡು ಮಲಗಿದ್ದ, ನನ್ನ ಗಂಡ ಅವನ ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದ. ನೆರಿ ಏನೋ ಅಂದ. ಎಲ್ಬಿಯೊ ತಲೆ ಹಿಂದಕ್ಕೆ ಹಾಕಿ ನಕ್ಕ. ನಮ್ಮ ಮನೆಯಲ್ಲಿ ಅವನು ಹಾಗೆ ನಕ್ಕದ್ದು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ. ನಾನು ಬಂದದ್ದು ಹೇಳಬೇಡ ಎಂದು ದೋನ್ಯಾ ಬ್ಲಾಂಕಾಳಿಂದ ಮಾತು ತೆಗೆದುಕೊಂಡು ಕೆಂಪು ಚಪ್ಪಲಿಯಲ್ಲೇ ಬಸ್ ನಿಲ್ದಾಣದವರೆಗೂ ನಡೆದೆ. ಹಿಮ್ಮಡಿ ಸುಲಿಯಿತು.

ಈಗ ಹೇಳು, ನಾನೇನು ಮಾಡಬೇಕು? ಹೆಂಗಸಾಗಿದ್ದರೆ ನನಗೆ ಕೆಲಸ ಗೊತ್ತಿತ್ತು. ಜುಟ್ಟು ಹಿಡಿದು ಎಳೆಯುತ್ತಿದ್ದೆ, ಇವನ ಮುಖಕ್ಕೆ ಉಂಗುರ ಎಸೆದು ನಿನ್ನ ಊರಿನ ಬಸ್ಸು ಹತ್ತುತ್ತಿದ್ದೆ. ನೆರಿಯ ಜುಟ್ಟು ಹಿಡಿಯೋಣವೆಂದರೆ ಅವನಿಗೆ ಕೂದಲೇ ಇಲ್ಲ. ನಗಬೇಡ. ನನ್ನ ಪಕ್ಕದಲ್ಲಿ ಬರದ ನಿದ್ದೆ ಆ ಗೊರಕೆಯವನ ಪಕ್ಕದಲ್ಲಿ ಬರುತ್ತದೆ ಎಂದರೆ ಅದೂ ನನ್ನನ್ನು ಬಿಟ್ಟ ಹಾಗೆಯೇ ಅಲ್ಲವೇ? ಸವತಿ ಇಲ್ಲವೆಂದು ಗೊತ್ತಾದ ಮೇಲೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಒಮ್ಮೆ ಪಾಪ ಅನ್ನಿಸುತ್ತದೆ, ಮರುಗಳಿಗೆಗೆ ತಟ್ಟೆ ಎತ್ತಿ ಅವನ ತಲೆಗೆ ಹಾಕೋಣ ಅನ್ನಿಸುತ್ತದೆ. ಇನ್ನೊಂದು ಮಾತು, ಬರೆಯಲು ನಾಚಿಕೆ. ಅವನು ಚೀಲ ಹೊತ್ತು ಹೋದ ಮೇಲೆ ನಾನೂ ತಲೆಗೆ ನೀರು ಹಾಕಿಕೊಂಡು ರೇಡಿಯೊ ಹಚ್ಚಿ ಹಾಯಾಗಿದ್ದೆ. ಅಳುತ್ತಾ ಇದ್ದೆ ಎಂದು ನಿನಗೆ ಬರೆದದ್ದು ಪೂರ್ತಿ ನಿಜವಲ್ಲ. ಭಾನುವಾರ ಸಂಜೆ ಗೇಟಿನ ಸದ್ದಾದರೆ ಎದ್ದು ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದೆ, ಹಿಂದಿನಂತೆಯೇ. ಹಾಗಿದ್ದ ಮೇಲೆ ನನಗೆ ಬೇಕಾದದ್ದು ಗಂಡನೋ, ಗಂಡನಿಲ್ಲದ ಶನಿವಾರವೋ? ನನಗೆ ತಿಳಿಯುತ್ತಿಲ್ಲ.

ಪೆಟ್ಟಿಗೆ ಇನ್ನೂ ಮಂಚದ ಕೆಳಗಿದೆ. ಮನೆ ಗುಡಿಸುವುದು ಈಗ ಅವನ ಪಾಲಿನ ಕೆಲಸ. ಪೊರಕೆಯನ್ನು ಪೆಟ್ಟಿಗೆಯ ಸುತ್ತ ಬಳಸಿ ಒಯ್ಯುತ್ತಾನೆ, ಇದೇನು ಎಂದು ಒಂದು ಮಾತು ಕೇಳುವುದಿಲ್ಲ. ಮೂರು ತಿಂಗಳಾಯಿತು. ಎರಡೂ ಭುಜದ ಮೇಲಿಂದ ಹಿಂದೆ ನೋಡುವ ಮನುಷ್ಯನಿಗೆ ಕಾಲ ಬುಡದ ಪೆಟ್ಟಿಗೆ ಕಾಣುವುದಿಲ್ಲವೇ? ಅಥವಾ ನಾನು ಹೋದರೆ ಹೋಗಲಿ ಎಂದೇ? ನನ್ನನ್ನು ತಿನ್ನುತ್ತಿರುವುದು ಇದೇ ಅಕ್ಕ, ನೆರಿಯೂ ಅಲ್ಲ, ಮುಲಾಮೂ ಅಲ್ಲ. ಒಂದು ಸಲ "ಹೋಗ್ಬೇಡ್ವೇ" ಎಂದಿದ್ದರೆ ಅವತ್ತೇ ಬಿಚ್ಚಿ ಬಟ್ಟೆ ಎತ್ತಿಡುತ್ತಿದ್ದೆ.

ಇಷ್ಟು ಬರೆದೂ ನೀನು ಕೇಳಿದ ಮಾತು ಬರೆಯಲಿಲ್ಲ. ಈ ತಿಂಗಳ ಕೊನೆಯ ಬಸ್ಸಿಗೆ ಬಂದರೂ ಬಂದೆ. ಕೋಣೆ ಇರಲಿ. ಟೀಚರಮ್ಮನಿಗೆ ಏನಾದರೂ ಹೇಳಿ ಸ್ವಲ್ಪ ತಡೆ. ನಿನ್ನ ಮಂಡಿನೋವಿಗೆ ಬಿಸಿ ಕಾವು ಕೊಡು, ಹೊಲಿಗೆ ಯಂತ್ರದ ಮುಂದೆ ಹೊತ್ತುಗಟ್ಟಲೆ ಕೂರಬೇಡ.

ಅಡ್ಡಗೋಡೆಯ ಮೇಲೆ ದೀಪವಿಟ್ಟು ಕೂತಿರುವ
ನಿನ್ನ ತಂಗಿ,
ನಿಬಿಯಾ

ತಾ.ಕ.: ಇವತ್ತು ಸೋಮವಾರ. ಈ ಪತ್ರವನ್ನು ವಾರವಿಡೀ ಅಂಚೆಗೆ ಹಾಕಲಾಗಲಿಲ್ಲ. ಹಾಕದಿದ್ದದ್ದೇ ಒಳ್ಳೆಯದಾಯಿತು.

ಮೊನ್ನೆ ಶನಿವಾರವೂ ಅವನು ಚೀಲ ಹೊತ್ತು ಹೋದ. ನಾನು ಕೂದಲು ಒರೆಸಿಕೊಳ್ಳುವಷ್ಟರಲ್ಲಿ ವಾಪಸ್ಸು ಬಂದ. ಅಡುಗೆಮನೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಸ್ಸು ತಪ್ಪಿದವನ ಹಾಗೆ ಕಾಣುತ್ತಿದ್ದ. ನನ್ನ ಬಾಯಿ ನಿಲ್ಲಬೇಕಲ್ಲ, "ಯಾಕೆ, ನೆರಿ ಬರ್ಲಿಲ್ವಾ?" ಎಂದುಬಿಟ್ಟೆ.

ನನ್ನನ್ನೇ ನೋಡಿದ. ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. "ಇಲ್ಲ. ಮೆಲೊ ಊರಿನ ತಂಡಕ್ಕೆ ತರಬೇತಿ ಕೊಡೋಕೆ ಹೋದ. ಇವತ್ತು ಅವನಿಗೆ ನಿಜವಾದ ಬಿಡಾರ" ಎಂದ. ಅಷ್ಟು ಹೇಳಿ ಚೀಲದ ಜಿಪ್ಪನ್ನು ತೆಗೆದ, ಹಾಕಿದ, ಮತ್ತೆ ತೆಗೆದ.

ನನಗೆ ಏನಾಯಿತೋ ತಿಳಿಯದು. ಒಳಗೆ ಹೋಗಿ ನನ್ನ ರಾತ್ರಿಯ ನಿಲುವಂಗಿ ತಂದು ಆ ಚೀಲಕ್ಕೆ ತುರುಕಿದೆ. "ಏಳು" ಎಂದೆ. ಎದ್ದ. ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಅವನು ಕಿಟಕಿಯ ಕಡೆ ನೋಡುತ್ತಾ, "ಪೆಟ್ಟಿಗೆ ನೋಡಿದೀನಿ" ಎಂದ.

"ಯಾವಾಗ?"

"ನೀನು ಇಟ್ಟ ದಿನಾನೇ."

"ಮತ್ತೆ ಯಾಕೋ ಕೇಳ್ಲಿಲ್ಲ ನೀನು?"

"ಕೇಳಿದ್ರೆ ಹೋಗ್ತೀನಿ ಅಂತ ಹೇಳ್ಬಿಡ್ತಿದ್ದೆ ನೀನು" ಎಂದ. ನಾನು ಅವನ ಕೈ ಹಿಡಿದುಕೊಂಡೆ. ಮುಲಾಮಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಆದರೂ ಇಳಿಯುವವರೆಗೆ ಬಿಡಲಿಲ್ಲ.

ದೋನ್ಯಾ ಬ್ಲಾಂಕಾ ಬಾಗಿಲಿಗೆ ಅಡ್ಡ ಬಂದಳು. "ಏಯ್, ಹೆಂಡ್ತೀರು ಒಳಗೆ ಬರೋ ಹಾಗಿಲ್ಲ! ನಿನಗೆ ಎಷ್ಟು ಸಲ ಹೇಳ್ಬೇಕು?"

"ನಾನು ಹೆಂಡ್ತಿಯಾಗಿ ಬಂದಿಲ್ಲ ಕಣಮ್ಮ" ಎಂದೆ. "ಎಡ ಬ್ಯಾಕ್ ಆಗಿ ಬಂದಿದೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅವನನ್ನು ನೋಡಿದಳು, ಸರಿದು ದಾರಿ ಬಿಟ್ಟಳು. ಸಪ್ಪೆ ಸೇವಿಗೆ ಹಾಕಿದಳು. ದೀಪ ಆರಿಸಿ ಅಂತ ನನ್ನನ್ನೂ ಸೇರಿಸಿ ಬೈದಳು. ಅವನು ನೆರಿಗೆ ಹೇಳುವ ಹಾಗೆಯೇ ನನಗೂ "ಎಡಗಡೆ ನೋಡ್ಕೋ" ಅಂದು ಮಗ್ಗುಲಾದ, ಆ ಕ್ಷಣಕ್ಕೇ ನಿದ್ದೆ ಹೋದ. ನನಗೆ ಬರಲಿಲ್ಲ. ನಾನು ಹೆಂಡತಿಯೋ, ಹುಚ್ಚಿಯೋ, ಸಂತೋಷವಾಗಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಾ ಬಿದ್ದಿದ್ದೆ. ಇವತ್ತಿಗೂ ಗೊತ್ತಾಗಿಲ್ಲ.

ಕೋಣೆಯನ್ನು ಟೀಚರಮ್ಮನಿಗೆ ಕೊಟ್ಟುಬಿಡು ಅಕ್ಕ. ದೋನ್ಯಾ ಬ್ಲಾಂಕಾಳ ಮನೆಯ ದಿಂಬು ಕಲ್ಲಿನಂತಿದೆ. ಬರುವ ಶನಿವಾರ ನನ್ನದನ್ನೇ ತೆಗೆದುಕೊಂಡು ಹೋಗುತ್ತೇನೆ.